ಪಾಚಿ ಬೆಳೆಸಿದರೆ ಎಸ್‌ಟಿಪಿ ಬ್ಲೋವರ್ ನಿಲ್ಲಿಸಬಹುದಾ?

ನೂರು ಮನೆಯ ಅಪಾರ್ಟ್‌ಮೆಂಟು, ದಿನಕ್ಕೆ 50,000 ಲೀಟರ್ ಕೊಳಚೆ ನೀರು, ಅದನ್ನು ಶುದ್ಧ ಮಾಡುವ ಎಸ್‌ಟಿಪಿ ಪ್ಲಾಂಟಿನ ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ, ಪಾಚಿ ಬೆಳೆಸಿ ಬ್ಲೋವರ್ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಹಾಗಂತ ಪಾಚಿಯನ್ನು ಪೂರ್ತಿ ಮರೆಯಲೂ ಬೇಡಿ.

ಬ್ಲೋವರ್ ಇರುವುದೇ ಬ್ಯಾಕ್ಟೀರಿಯಾಕ್ಕೆ ಗಾಳಿ ಕೊಡಲು, ಪ್ಲಾಂಟಿನ ಕರೆಂಟಿನಲ್ಲಿ ಸುಮಾರು ಅರ್ಧ ಅದಕ್ಕೇ ಹೋಗುತ್ತದೆ. ಬ್ಯಾಕ್ಟೀರಿಯಾ ಕೊಳೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ, ಬಿಸಿಲಿದ್ದರೆ ಪಾಚಿ ಅದನ್ನೇ ಎಳೆದುಕೊಂಡು ಆಮ್ಲಜನಕ ವಾಪಸ್ ಕೊಡುತ್ತದೆ. ಜೊತೆಗೆ ಅಮೋನಿಯಾ, ರಂಜಕವನ್ನೂ ಹೀರುತ್ತದೆ. ಬೆಳ್ಳಂದೂರಿನಂಥ ಕೆರೆಯಲ್ಲಿ ಕಳೆ ಕೊಬ್ಬುವುದು ಇವುಗಳಿಂದಲೇ ಅಲ್ವಾ? ಇದೇನು ಹೊಸದಲ್ಲ, 1950ರ ದಶಕದಲ್ಲೇ ಕ್ಯಾಲಿಫೋರ್ನಿಯಾದ ಎಂಜಿನಿಯರ್ ವಿಲಿಯಂ ಓಸ್ವಾಲ್ಡ್ ಇಂಥ ಪಾಚಿ ಹೊಂಡಗಳ ಮೇಲೆ ಕೆಲಸ ಮಾಡಿದ್ದರು.

ತೊಂದರೆ ಇರುವುದು ಜಾಗದ್ದು. ಬಿಸಿಲು ತಳ ಮುಟ್ಟಬೇಕು, ಹಾಗಾಗಿ ಹೊಂಡದ ಆಳ ಒಂದು ಅಡಿ ಅಷ್ಟೇ. ನೀರು ಅದರಲ್ಲಿ ಆರು ದಿನ ನಿಲ್ಲಬೇಕು ಅಂದುಕೊಳ್ಳಿ, ನಿಮ್ಮ ಲೆಕ್ಕಕ್ಕೆ 3 ಲಕ್ಷ ಲೀಟರ್ ಆಯಿತು, ಅಂದರೆ ಹತ್ತು ಗುಂಟೆ, 30×40 ಸೈಟು ಒಂಬತ್ತು! ನಿಮ್ಮ ಎಸ್‌ಟಿಪಿ ಇರುವುದು ಬೇಸ್‌ಮೆಂಟಿನ ಕತ್ತಲೆಯಲ್ಲಿ.

ಇನ್ನು ರಾತ್ರಿ. ನಾನು ಟೆರೇಸಿನಲ್ಲಿ ಒಂದು ಅಗಲದ ಟಬ್ಬಿನಲ್ಲಿ ಕೊಳಚೆ ನೀರಿಟ್ಟು ಪಾಚಿ ಬೆಳೆಸಿ ನೋಡಿದ್ದೇನೆ. ಮಧ್ಯಾಹ್ನ ಎರಡು ಗಂಟೆಗೆ ಹಸಿರು ಪದರದ ಅಡಿಯಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಪುಟಪುಟ ಏಳುತ್ತಿದ್ದವು, ವಾಸನೆಯೇ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಹೋದರೆ ಅದೇ ಟಬ್ಬು ಮೋರಿ ನಾತ ಹೊಡೆಯುತ್ತಿತ್ತು. ಕತ್ತಲಾದ ಮೇಲೆ ಪಾಚಿಯೂ ಆಮ್ಲಜನಕ ಬಳಸುತ್ತದೆ, ಕೊಡುವವರು ಯಾರೂ ಇರುವುದಿಲ್ಲ. ಮಳೆಗಾಲದ ಮೋಡದಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ನನಗೆ ತುಂಬಾ ಖುಷಿ ಕೊಟ್ಟಿದ್ದು ಇನ್ನೊಂದು ವಿಷಯ. ಬರೀ ಪಾಚಿ ನೀರು ಗಾಜಿನ ಲೋಟದಲ್ಲಿ ದಿನವಿಡೀ ಇಟ್ಟರೂ ತಿಳಿಯಾಗಲಿಲ್ಲ, ಕಣಗಳು ಅಷ್ಟು ಸಣ್ಣ. ಎಸ್‌ಟಿಪಿಯ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ತುಂಬಿದ ಕೆಸರು, ಸ್ವಲ್ಪ ಸೇರಿಸಿ ದಿನಾ ಕಲಕುತ್ತಾ ಬಂದೆ. ಕೆಲವು ವಾರಕ್ಕೆ ಎರಡೂ ಅಂಟಿಕೊಂಡು ಹಸಿರು ಉಂಡೆಗಳಾದವು, ಲೋಟದಲ್ಲಿ ಹಾಕಿದರೆ ಅರ್ಧ ಗಂಟೆಯೊಳಗೆ ತಳಕ್ಕೆ ಕೂತವು. ಪಾಚಿ ಬೇರ್ಪಡಿಸುವುದೇ ಈ ಪದ್ಧತಿಯ ದೊಡ್ಡ ಖರ್ಚು, ಅದಕ್ಕೇ ಬ್ಯಾಕ್ಟೀರಿಯಾದ ಜೊತೆ ಬೇಕು.

ನಿಮಗೆ ನಾನು ಹೇಳುವುದು, ಬ್ಲೋವರ್ ಇರಲಿ, ಸಂಸ್ಕರಿಸಿದ ನೀರಿಗೆ ಮಾತ್ರ ತೆರೆದ ಜಾಗದಲ್ಲಿ ಸಣ್ಣ ಹೊಂಡ ಮಾಡಿ, ಉಳಿದ ರಂಜಕ ಪಾಚಿ ಎಳೆದುಕೊಳ್ಳಲಿ. ಬೆಳೆದ ಪಾಚಿಯನ್ನು ಆಗಾಗ ತೆಗೆಯಲೇಬೇಕು, ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ. ಬೆಂಗಳೂರಿನ ಜಕ್ಕೂರು ಕೆರೆಗೊಮ್ಮೆ ಹೋಗಿ ಬನ್ನಿ, ಅಲ್ಲಿ ಎಸ್‌ಟಿಪಿ ನೀರು ಸೀದಾ ಕೆರೆಗೆ ಬೀಳದೆ ಮೊದಲು ಜೊಂಡು ಬೆಳೆದ ಜೌಗಿನಲ್ಲಿ ಹಾದು ಬರುತ್ತದೆ. ಟಬ್ಬಿನ ಪ್ರಯೋಗ ಮಾಡುವುದಾದರೆ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಮೇಲೆ ಸೊಳ್ಳೆ ಪರದೆ ಕಟ್ಟಿ, ಬೆಳಿಗ್ಗೆ ಆರಕ್ಕೂ ಒಮ್ಮೆ ಹೋಗಿ ಮೂಸಿ ನೋಡಿ.