ಉಷಾ ನಾಲ್ಕನೆಯವರಾದ ಓಟದಲ್ಲಿ ಗೆದ್ದವರು ಯಾರು?

ಪ್ರಶ್ನೆ: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಅಂದರೆ ಪಿ.ಟಿ. ಉಷಾ ಕಂಚು ತಪ್ಪಿಸಿಕೊಂಡದ್ದಷ್ಟೇ ನಮಗೆ ನೆನಪು. ಅವತ್ತು ಚಿನ್ನ ಗೆದ್ದಾಕೆ ಮುಂದೆ ಮಂತ್ರಿಯಾದರಂತೆ, ನಿಜವೇ? (ಓದುಗರು, ಕುಂದಾಪುರ)

ಉತ್ತರ: ನಿಜ. ಅವರು ಮೊರಾಕೊದ ನವಾಲ್ ಎಲ್ ಮುತವಕೆಲ್. 1962ರಲ್ಲಿ ಕಾಸಾಬ್ಲಾಂಕಾದಲ್ಲಿ ಹುಟ್ಟಿ, ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಾ ಓಡಿದವರು. ಮಹಿಳೆಯರ 400 ಮೀಟರ್ ಹರ್ಡಲ್ಸ್ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ಆಗಸ್ಟ್ 8ರ ಫೈನಲ್‌ನಲ್ಲಿ ನವಾಲ್ 54.61 ಸೆಕೆಂಡ್, ಅಮೆರಿಕದ ಜೂಡಿ ಬ್ರೌನ್ 55.20, ರುಮೇನಿಯಾದ ಕ್ರಿಸ್ಟಿಯಾನಾ ಕೊಜೊಕಾರು 55.41, ಉಷಾ 55.42. ಆಗಿನ ವಿಶ್ವದಾಖಲೆ 53.58 ಸೋವಿಯತ್ ಓಟಗಾರ್ತಿಯೊಬ್ಬರದು. ಸೋವಿಯತ್ ಒಕ್ಕೂಟ ಆ ಕೂಟವನ್ನು ಬಹಿಷ್ಕರಿಸಿದ್ದರಿಂದ ಅವರು ಬರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಹಾಗಂತ ನವಾಲ್ ಗೆಲುವು ಅಗ್ಗದ್ದಲ್ಲ: ಮೊರಾಕೊ ತಂಡದಲ್ಲಿದ್ದ ಒಬ್ಬಳೇ ಹೆಣ್ಣುಮಗಳು ಆ ದೇಶಕ್ಕೆ ಮೊದಲ ಒಲಿಂಪಿಕ್ ಚಿನ್ನ ತಂದಳು. ಆ ದಿನ ಹುಟ್ಟಿದ ಹೆಣ್ಣುಮಕ್ಕಳಿಗೆಲ್ಲ ನವಾಲ್ ಎಂದೇ ಹೆಸರಿಡಿ ಎಂದು ದೊರೆ ಎರಡನೇ ಹಸನ್ ಹೇಳಿದ್ದರು.

ಪ್ರಶ್ನೆ: ಒಲಿಂಪಿಕ್ ಚಿನ್ನ ಗೆದ್ದ ಮೊದಲ ಆಫ್ರಿಕನ್ ಮಹಿಳೆ ಇವರೇ ಎಂದು ಓದಿದ್ದೇನೆ. (ಓದುಗರು, ಧಾರವಾಡ)

ಉತ್ತರ: ತಪ್ಪು. 1952ರ ಹೆಲ್ಸಿಂಕಿಯಲ್ಲೇ ದಕ್ಷಿಣ ಆಫ್ರಿಕಾದ ಎಸ್ತರ್ ಬ್ರ್ಯಾಂಡ್ ಹೈಜಂಪ್‌ನಲ್ಲಿ ಚಿನ್ನ ಗೆದ್ದಿದ್ದರು. ನವಾಲ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ. ಹಾಗೆ ಬರೆದರೆ ಸರಿ.

ಪ್ರಶ್ನೆ: ಸೆಕೆಂಡಿನ ನೂರನೇ ಒಂದು ಭಾಗ ಅಂದರೆ ಟ್ರ್ಯಾಕ್ ಮೇಲೆ ಎಷ್ಟು ದೂರ? (ವಿದ್ಯಾರ್ಥಿನಿ, ಹಾಸನ)

ಉತ್ತರ: ಕೊನೆಯಲ್ಲಿ ದಣಿದ ಕಾಲು ಸೆಕೆಂಡಿಗೆ ಸುಮಾರು 7 ಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ, ನೂರನೇ ಭಾಗಕ್ಕೆ 7 ಸೆಂಟಿಮೀಟರ್. ಕೈಯ ನಾಲ್ಕು ಬೆರಳು ಜೋಡಿಸಿದಷ್ಟು ಅಗಲ. ಫೋಟೊ ಫಿನಿಶ್‌ನಲ್ಲಿ ತಲೆ, ಕತ್ತು, ಕೈಕಾಲು ಲೆಕ್ಕಕ್ಕಿಲ್ಲ. ಮುಂಡ ಗೆರೆ ಮುಟ್ಟಿದ ಕ್ಷಣವೇ ಲೆಕ್ಕ. ಅದಕ್ಕೇ ಕೊನೆಯ ಹೆಜ್ಜೆಯಲ್ಲಿ ಎದೆಯನ್ನು ಮುಂದಕ್ಕೆ ಬಾಗಿಸುವುದು. ಬೇಗ ಬಾಗಿದರೆ ಮುಗ್ಗರಿಸಿ ವೇಗ ಹೋಗುತ್ತದೆ, ತಡವಾದರೆ ಪ್ರಯೋಜನವಿಲ್ಲ.

ಪ್ರಶ್ನೆ: ಪಿಯುಸಿ ಓದುವ ಮಗಳು 400 ಮೀಟರ್ ಹರ್ಡಲ್ಸ್ ಓಡುತ್ತಾಳೆ. ಐದನೇ ಹರ್ಡಲ್ ತನಕ ಚೆನ್ನಾಗಿದ್ದು ಆಮೇಲೆ ಪ್ರತಿ ಹರ್ಡಲ್ ಮುಂದೆಯೂ ತಡವರಿಸುತ್ತಾಳೆ. ಶಕ್ತಿ ಸಾಲದೇ? (ಓದುಗರು, ಶಿರಸಿ)

ಉತ್ತರ: ಶಕ್ತಿಗಿಂತ ಹೆಜ್ಜೆಯ ಲೆಕ್ಕ ತಪ್ಪುತ್ತಿದೆ. ಮಹಿಳೆಯರ ಓಟದಲ್ಲಿ 76.2 ಸೆಂಟಿಮೀಟರ್ ಎತ್ತರದ ಹತ್ತು ಹರ್ಡಲ್. ಮೊದಲನೆಯದಕ್ಕೆ 45 ಮೀಟರ್, ನಡುವೆ 35, ಕೊನೆಗೆ 40. ಹರ್ಡಲ್‌ಗೆ ಸುಮಾರು 2 ಮೀಟರ್ ಹಿಂದೆ ಕಾಲೆತ್ತಿ, ದಾಟಿ 1 ಮೀಟರ್ ಮುಂದೆ ಇಳಿದರೆ ನಡುವೆ ಓಡಲು ಉಳಿಯುವುದು 32 ಮೀಟರ್. 15 ಹೆಜ್ಜೆಗೆ ತಲಾ 2.13 ಮೀಟರ್ ಬೇಕು, 16ಕ್ಕೆ 2 ಮೀಟರ್, 17ಕ್ಕೆ 1.88. ದಣಿವಾದಾಗ ಹೆಜ್ಜೆ ಹತ್ತು ಸೆಂಟಿಮೀಟರ್ ಕುಗ್ಗಿದರೂ ಸಾಕು, 15ರ ಲೆಕ್ಕ ಕೆಟ್ಟಿತು.

ಬೆಸ ಸಂಖ್ಯೆಯಲ್ಲಿ ಓಡಿದರೆ ಪ್ರತಿ ಸಲವೂ ಅದೇ ಕಾಲು ಮುಂದೆ ಬರುತ್ತದೆ. 16ಕ್ಕೆ ಇಳಿದರೆ ಇನ್ನೊಂದು ಕಾಲು. ಆ ಕಾಲಿಗೆ ಅಭ್ಯಾಸವಿಲ್ಲದವರು ಪುಟ್ಟಪುಟ್ಟ ಹೆಜ್ಜೆ ಹಾಕಿ 17ಕ್ಕೆ ಹೋಗುತ್ತಾರೆ, ಹರ್ಡಲ್‌ಗೆ ತೀರಾ ಹತ್ತಿರ ಬಂದು ಮೇಲಕ್ಕೆ ಹಾರುತ್ತಾರೆ. ನಿಮ್ಮ ಮಗಳ ತಡವರಿಕೆ ಬಹುಶಃ ಇದೇ. ಮೊದಲು ಯಾರಾದರೂ ಪಕ್ಕದಲ್ಲಿ ನಿಂತು ಪ್ರತಿ ನಡುವಿನ ಹೆಜ್ಜೆ ಎಣಿಸಿ ಬರೆದುಕೊಳ್ಳಲಿ. ಎಷ್ಟನೇ ಹರ್ಡಲ್‌ನಲ್ಲಿ ಮುರಿಯುತ್ತದೋ ಅದಕ್ಕಿಂತ ಒಂದು ಮೊದಲೇ ಬೇಕೆಂದೇ 16 ಅಥವಾ 17ಕ್ಕೆ ಬದಲಾಯಿಸಲಿ. ಎರಡೂ ಕಾಲಲ್ಲಿ ದಾಟುವುದನ್ನು ಕಡಿಮೆ ಎತ್ತರದ ಹರ್ಡಲ್‌ಗಳ ಮೇಲೆ, ದಣಿವಿಲ್ಲದಾಗ ಕಲಿಸಿ. ತಿರುವಿನಲ್ಲಿ ಎಡಗಾಲು ಮುಂದಿದ್ದರೆ ಅನುಕೂಲ. ಬಲಗಾಲಾದರೆ ಹಿಂದಿನ ಎಡಗಾಲು ಹರ್ಡಲ್‌ನ ಒಳಬದಿಯಲ್ಲಿ, ಅದರ ಎತ್ತರಕ್ಕಿಂತ ಕೆಳಗೆ ಹಾದು ಅನರ್ಹತೆಗೆ ಕಾರಣವಾಗಬಹುದು.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇವೆ. ಹರ್ಡಲ್‌ನ ಪಾದಗಳು ಓಡಿ ಬರುವವರ ಕಡೆಗಿರಬೇಕು. ಆಗಷ್ಟೇ ತಗುಲಿದರೆ ಮುಂದಕ್ಕೆ ಉರುಳುತ್ತದೆ. ತಿರುಗಿಸಿ ಇಟ್ಟರೆ ಉರುಳುವುದಿಲ್ಲ, ಓಡುವವರೇ ಉರುಳುತ್ತಾರೆ.

ಪ್ರಶ್ನೆ: ನವಾಲ್ ಚುನಾವಣೆ ಗೆದ್ದು ಮಂತ್ರಿಯಾದರೇ? ಉಷಾ ರಾಜ್ಯಸಭೆಗೆ ಬಂದದ್ದೂ ಹಾಗೆಯೇ? (ಓದುಗರು, ಮೈಸೂರು)

ಉತ್ತರ: ಮೊರಾಕೊದಲ್ಲಿ ಮಂತ್ರಿಗಳನ್ನು ನೇಮಿಸುವವರು ದೊರೆ, ಸಂಸತ್ ಸದಸ್ಯರೇ ಆಗಿರಬೇಕೆಂದಿಲ್ಲ. ನವಾಲ್ 1997ರಲ್ಲಿ ಯುವಜನ ಮತ್ತು ಕ್ರೀಡೆಯ ರಾಜ್ಯ ಕಾರ್ಯದರ್ಶಿ (ಅಂದರೆ ಕಿರಿಯ ಮಂತ್ರಿ), 2007ರಿಂದ 2009ರ ತನಕ ಅದೇ ಖಾತೆಯ ಪೂರ್ಣ ಮಂತ್ರಿ. ನಮ್ಮ ದೃಷ್ಟಿಯಲ್ಲಿ ಅವರ ದೊಡ್ಡ ಕೆಲಸ ಖಾತೆಯ ಹೊರಗೆ ನಡೆದದ್ದು. 1993ರಲ್ಲಿ ಕಾಸಾಬ್ಲಾಂಕಾದಲ್ಲಿ ಹೆಂಗಸರಿಗಾಗಿಯೇ ರಸ್ತೆ ಓಟ ಶುರುಮಾಡಿದರು. 1998ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿ, 2012 ಮತ್ತು 2016ರ ಕ್ರೀಡಾಕೂಟ ಕೇಳಿದ್ದ ನಗರಗಳನ್ನು ಪರಿಶೀಲಿಸಿದ ಆಯೋಗಗಳ ಅಧ್ಯಕ್ಷರಾದರು. ರಿಯೊ ಸಿದ್ಧತೆಯ ಉಸ್ತುವಾರಿಯೂ ಅವರದೇ.

ಉಷಾ ಚುನಾವಣೆಗೆ ನಿಂತು ಬಂದವರಲ್ಲ. ರಾಷ್ಟ್ರಪತಿಗಳು ನಾಮನಿರ್ದೇಶನ ಮಾಡುವ 12 ಸ್ಥಾನಗಳಲ್ಲಿ ಒಂದಕ್ಕೆ 2022ರ ಜುಲೈನಲ್ಲಿ ಬಂದವರು. ಅದೇ ಡಿಸೆಂಬರ್‌ನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷರಾದರು.

ಪ್ರಶ್ನೆ: ಉಷಾ ಅವರ 55.42 ಮುರಿದವರಿದ್ದಾರೆಯೇ? (ಓದುಗರು, ಉಡುಪಿ)

ಉತ್ತರ: ನಿಮ್ಮ ಜಿಲ್ಲೆಯವರೇ ಆದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 56.15ರಲ್ಲಿ ಚಿನ್ನ ಗೆದ್ದರೂ ದಾಖಲೆ ಅಲುಗಲಿಲ್ಲ. 39 ವರ್ಷಗಳ ಮೇಲೆ, 2023ರ ಹಾಂಗ್‌ಝೌ ಕೂಟದ ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಅರ್ಹತಾ ಸುತ್ತು) ತಮಿಳುನಾಡಿನ ವಿದ್ಯಾ ರಾಮರಾಜ್ ಅದನ್ನು ಸರಿಗಟ್ಟಿದರು, ಸರಿಯಾಗಿ 55.42ಕ್ಕೇ. ಮರುದಿನದ ಫೈನಲ್‌ನಲ್ಲಿ 55.68 ಓಡಿ ಕಂಚು ಪಡೆದರು.