ಮೀಟಿಂಗಿಗೆ ಮೊದಲೇ ಮಾತಾಡಿ

ಪ್ರಶ್ನೆ: ಆರು ವರ್ಷದಿಂದ ಒಂದೇ ಆಫೀಸಿನಲ್ಲಿದ್ದೇನೆ. ನನ್ನ ಕೆಲಸದ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಮೀಟಿಂಗಿನಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಗ್ರಾಹಕರ ದೂರುಗಳನ್ನು ಮೂರು ಕಡೆ ಬರೆಯುವ ಬದಲು ಒಂದೇ ಕಡೆ ಬರೆಯೋಣ ಅಂದೆ, ಎಲ್ಲರೂ ಸುಮ್ಮನಿದ್ದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಅದನ್ನೇ ಹೇಳಿದರು, ಎಲ್ಲರೂ ಒಪ್ಪಿಬಿಟ್ಟರು! ನಾನು ಜೋರಾಗಿ ಮಾತಾಡುವವಳಲ್ಲ. ಸ್ವಭಾವವನ್ನೇ ಬದಲಿಸಿಕೊಳ್ಳಬೇಕಾ?

ಉತ್ತರ: ಖಂಡಿತ ಬೇಡ. ನಿಮ್ಮ ಸಲಹೆ ಚೆನ್ನಾಗಿಯೇ ಇತ್ತು, ಇಲ್ಲದಿದ್ದರೆ ಆಮೇಲೆ ಒಪ್ಪುತ್ತಿರಲಿಲ್ಲ ಅಲ್ವಾ? ನೀವು ಹೇಳಿದಾಗ ಹೌದು ಅನ್ನಲು ಒಬ್ಬರೂ ಇರಲಿಲ್ಲ, ಅಷ್ಟೇ.

1950ರ ದಶಕದಲ್ಲಿ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮ ಅಂತ ಕೇಳುವುದು. ಆದರೆ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಮೊದಲೇ ಹೇಳಿಕೊಟ್ಟಂತೆ ತಪ್ಪು ಉತ್ತರ ಕೊಡುತ್ತಿದ್ದರು. ಸರಿ ಉತ್ತರ ಕಣ್ಣೆದುರೇ ಇದ್ದರೂ ಆ ಒಬ್ಬರು, ಮೂರರಲ್ಲಿ ಸುಮಾರು ಒಂದು ಸಲ, ಗುಂಪಿನ ತಪ್ಪನ್ನೇ ಹೇಳಿದರು. ಗುಂಪಿನಲ್ಲಿ ಇನ್ನೊಬ್ಬರು ಸರಿ ಉತ್ತರ ಹೇಳಿದರೆ ಸಾಕು, ಇದು ತುಂಬಾ ಕಡಿಮೆಯಾಗುತ್ತಿತ್ತು. ನಿಮ್ಮ ಮಾತು ಸರಿ ಅಂತ ಒಳಗೊಳಗೇ ಅನ್ನಿಸಿದವರೂ ಹೀಗೇ ಸುಮ್ಮನಿದ್ದಿರಬಹುದು.

ಹಾಗಾಗಿ ನಿಮ್ಮ ಮಾತಿಗೆ ಹೌದು ಅನ್ನುವ ಒಬ್ಬರನ್ನು ಮೊದಲೇ ಹುಡುಕಿಕೊಳ್ಳಿ. ಮೀಟಿಂಗಿಗೆ ಎರಡು ದಿನ ಮುಂಚೆ, ಆ ತೊಂದರೆಯಿಂದ ನಿಮ್ಮಷ್ಟೇ ಕಷ್ಟಪಡುವವರ ಹತ್ತಿರ ಹೋಗಿ. ನನಗೆ ಬೆಂಬಲ ಕೊಡಿ ಅಂತ ಕೇಳಬೇಡಿ, "ಹೀಗೆ ಮಾಡಿದರೆ ಎಲ್ಲಿ ಎಡವಟ್ಟಾಗಬಹುದು?" ಅಂತ ಕೇಳಿ. ಅವರು ಒಂದೆರಡು ತಪ್ಪು ತೋರಿಸುತ್ತಾರೆ, ನೀವು ತಿದ್ದುತ್ತೀರಿ, ಅಷ್ಟೊತ್ತಿಗೆ ಅದು ಅವರದ್ದೂ ಆಗಿರುತ್ತದೆ. ಮ್ಯಾನೇಜರಿಗೂ ಮೊದಲೇ ಹೇಳಿಡಿ. ಎಲ್ಲರೆದುರು ಹೊಸ ವಿಷಯ ಬಂದಾಗ ಬೇಡ ಅನ್ನುವುದೇ ಅವರಿಗೆ ಸುಲಭ. ಒಂದು ತಿಂಗಳು ಮಾಡಿ ನೋಡೋಣ ಅಂತ ಕೇಳಿದರೆ ಒಪ್ಪುವುದು ಜಾಸ್ತಿ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಒಬಾಮಾ ಅಧ್ಯಕ್ಷರಾಗಿದ್ದಾಗ ಶ್ವೇತಭವನದಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯರಿಗೂ ನಿಮ್ಮದೇ ಕಷ್ಟ ಇತ್ತು. ಅವರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಒಬ್ಬರು ಒಳ್ಳೆಯ ಮಾತು ಹೇಳಿದ ಕೂಡಲೇ ಇನ್ನೊಬ್ಬರು ಅವರ ಹೆಸರು ಹೇಳಿ ಅದನ್ನೇ ಮತ್ತೆ ಹೇಳುವುದು. ಆಗ ಅದು ಯಾರ ಮಾತು ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು. ನಿಮ್ಮಲ್ಲಿ ಇದನ್ನು ನೀವೇ ಶುರು ಮಾಡಿ, ನಿಮ್ಮ ಹಾಗೇ ಮೆಲ್ಲಗೆ ಮಾತಾಡುವ ಇನ್ಯಾರಾದರೂ ಇದ್ದರೆ ಮೊದಲು ಅವರ ಮಾತನ್ನೇ ಹೆಸರು ಹೇಳಿ ಮತ್ತೆ ಹೇಳಿ.

ಅಂದಹಾಗೆ ದೂರುಗಳನ್ನು ಒಂದೇ ಕಡೆ ಬರೆಯುವುದು ಅಂತ ತೀರ್ಮಾನವಾಯಿತಲ್ಲ, ಅದನ್ನು ನೋಡಿಕೊಳ್ಳುವ ಕೆಲಸ ನೀವೇ ಕೇಳಿ ತೆಗೆದುಕೊಳ್ಳಿ. ಯಾವ ದೂರು ಎಷ್ಟು ಸಲ ಬರುತ್ತಿದೆ ಅನ್ನುವುದು ಮೊದಲು ನಿಮಗೇ ಗೊತ್ತಾಗುತ್ತದೆ, ಮುಂದಿನ ಮೀಟಿಂಗಿನಲ್ಲಿ ಅವರೇ ನಿಮ್ಮನ್ನು ಕೇಳಬೇಕಾಗುತ್ತದೆ.