ಕರಿ ಪರದೆ ನೋಡಿ ಮಾನಿಟರ್ ಆಯ್ದುಕೊಳ್ಳಿ

ಪ್ರಶ್ನೆ: ಧಾರವಾಡ ಸಪ್ತಾಪುರದಾಗ ರೂಮ್ ಮಾಡಿಕೊಂಡು ಇಂಜಿನಿಯರಿಂಗ್ ಓದಾಕತ್ತೀನ್ರಿ. ಹಗಲು ಕೋಡಿಂಗ್, ಸಂಜೀಕ ವ್ಯಾಲೊರಂಟ್. ಹುಬ್ಬಳ್ಳಿ ಕೊಪ್ಪೀಕರ ರಸ್ತೆದಾಗ ಎರಡು ಮಾನಿಟರ್ ತೋರಿಸಿದ್ರು, ಒಂದು ಐಪಿಎಸ್, ಒಂದು ವಿಎ. ಎರಡೂ 24 ಇಂಚು, ಫುಲ್ ಎಚ್‌ಡಿ, 165 ಹರ್ಟ್ಸ್. ಎರಡರ ಡಬ್ಬಿ ಮ್ಯಾಲೂ 1 ಎಂಎಸ್ ಅಂತ ಬರದಾರ. ವಿಎ ಸ್ವಲ್ಪ ಅಗ್ಗ ಐತಿ. ಯಾವುದು ತಗೊಳ್ಳಲಿ?

ಉತ್ತರ: ಐಪಿಎಸ್, ವಿಎ ಎರಡೂ ಎಲ್‌ಸಿಡಿ ಪರದೆಯ ಬಗೆಗಳು; ನೀವು ಐಪಿಎಸ್ ತಗೊಳ್ಳಿ. ಡಬ್ಬಿ ಮೇಲಿನ 1 ಎಂಎಸ್ (ಪಿಕ್ಸೆಲ್ ಬಣ್ಣ ಬದಲಿಸಲು ಹಿಡಿಯುವ ಒಂದು ಮಿಲಿಸೆಕೆಂಡು) ನೋಡಿ ತೀರ್ಮಾನಿಸಬೇಡಿ. ಅದು ಸಾಮಾನ್ಯವಾಗಿ ಅತಿ ಚುರುಕಾಗಿ ಆಗುವ ಒಂದು ಬಣ್ಣ ಬದಲಾವಣೆಯನ್ನು, ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಒತ್ತುವ ಸೆಟ್ಟಿಂಗ್) ಪೂರ್ತಿ ಏರಿಸಿ ಅಳೆದ ಅಂಕಿ. ಮುಂದೆ ಎಂಪಿಆರ್‌ಟಿ (ಚಲಿಸುವ ಚಿತ್ರ ಮಸುಕಾಗಿ ಕಾಣುವ ಅವಧಿ) ಎಂದಿದ್ದರೆ, ಪರದೆ ಹಿಂದಿನ ಬೆಳಕಾದ ಬ್ಯಾಕ್‌ಲೈಟನ್ನು ಮಿಣುಕಿಸಿ ಪಡೆದದ್ದು. 165 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 165 ಚಿತ್ರ) ಒಂದು ಫ್ರೇಮ್ ಪರದೆ ಮೇಲೆ ಇರುವುದೇ ಸುಮಾರು 6 ಮಿಲಿಸೆಕೆಂಡು. ಅಗ್ಗದ ವಿಎ ಪರದೆ ಕಪ್ಪಿನಿಂದ ಕಡುಬೂದಿಗೆ ಬರಲು 20 ಮಿಲಿಸೆಕೆಂಡು ದಾಟುವುದುಂಟು. ಆಟ ಮೂರು ಫ್ರೇಮ್ ಮುಂದೆ ಹೋಗಿರುತ್ತದೆ, ಹಳೆಯ ನೆರಳು ಇನ್ನೂ ಅಲ್ಲೇ ಇರುತ್ತದೆ. ವಿಎಯಲ್ಲಿ ಕಪ್ಪು ತೋರಿಸುವಾಗ ದ್ರವ ಹರಳುಗಳು ಗಾಜಿಗೆ ನೆಟ್ಟಗೆ ನಿಂತಿರುತ್ತವೆ. ಕಡುಬೂದಿಗೆ ಅವುಗಳಿಗೆ ಸಿಗುವ ವೋಲ್ಟೇಜ್ ತೀರಾ ಕಡಿಮೆ, ಹೀಗಾಗಿ ನಿಧಾನವಾಗಿ ವಾಲುತ್ತವೆ.

ಇದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ನಿಮ್ಮ ಲ್ಯಾಪ್‌ಟಾಪ್ ಒಯ್ದು ಜೋಡಿಸಿ, ರಿಫ್ರೆಶ್ ರೇಟ್ (ಹರ್ಟ್ಸ್ ಅಂಕಿ) ಸಿಗುವಷ್ಟು ಏರಿಸಿ. ಕಪ್ಪು ಹಿನ್ನೆಲೆಯ ಕೋಡ್ ಎಡಿಟರಿನಲ್ಲಿ ಉದ್ದನೆಯ ಫೈಲ್ ತೆರೆದು ಜೋರಾಗಿ ಸ್ಕ್ರೋಲ್ ಮಾಡಿ. ವಿಎಯಲ್ಲಿ ಬೂದು ಅಕ್ಷರಗಳು ಮಾಸಿ, ಹಿಂದೆ ನೇರಳೆ ಛಾಯೆಯ ಬಾಲ ಎಳೆದಂತೆ ಕಾಣುತ್ತದೆ. ಐಪಿಎಸ್‌ನಲ್ಲಿ ಅಷ್ಟು ಬಾಲವಿರುವುದಿಲ್ಲ. ದಿನವಿಡೀ ಕೋಡ್ ನೋಡುವ ಕಣ್ಣಿಗೆ ಈ ವ್ಯತ್ಯಾಸ ದೊಡ್ಡದು. ಮನೆಗೆ ತಂದ ಮೇಲೆ ಓವರ್‌ಡ್ರೈವ್ ನಡುವಿನ ಮಟ್ಟದಲ್ಲಿಡಿ. ಕೊನೆಯ ಮಟ್ಟಕ್ಕೆ ಏರಿಸಿದರೆ ಓಡುವ ವಸ್ತುವಿನ ಹಿಂದೆ ಬೆಳ್ಳನೆಯ ಅಂಚು ಮೂಡುತ್ತದೆ.

ಐಪಿಎಸ್‌ನ ಕೊರತೆ ಕಪ್ಪು. ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅನುಪಾತ) ಸಾಮಾನ್ಯವಾಗಿ 1000:1 ಆಸುಪಾಸು, ಕತ್ತಲಲ್ಲಿ ಕಪ್ಪು ಬೂದಿಯಂತೆ ಕಾಣುತ್ತದೆ. ಹಗಲು ಕಿಟಕಿ ತೆರೆದ ರೂಮಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಮಾನಿಟರ್ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಸಣ್ಣ ದೀಪ ಇಟ್ಟರೆ ಸಾಕು. ತಂದ ದಿನವೇ ದೀಪ ಆರಿಸಿ, ಪೂರ್ತಿ ಕರಿ ಚಿತ್ರ ಹಾಕಿ, ಎರಡೂವರೆ ಅಡಿ ದೂರದಿಂದ ನೋಡಿ. ತಲೆ ಆಚೀಚೆ ಸರಿಸಿದಾಗ ಮೂಲೆಯ ಬೆಳಕೂ ಬದಲಾದರೆ ಅದು ಐಪಿಎಸ್‌ನ ಸ್ವಭಾವ. ಒಂದೇ ಜಾಗದಲ್ಲಿ ಹಳದಿ ಕಲೆಯಂತೆ ಕದಲದೆ ನಿಂತರೆ ಅದು ಬ್ಯಾಕ್‌ಲೈಟ್ ಸೋರಿಕೆ. ಜಾಸ್ತಿ ಇದ್ದರೆ ಬದಲಿಸಿ ಕೊಡಲು ಕೇಳಿ. ಮೊಬೈಲಿನಲ್ಲಿ ಫೋಟೊ ತೆಗೆದು ಅಳೆಯಬೇಡಿ, ಕ್ಯಾಮೆರಾ ಅದನ್ನು ಇದ್ದದ್ದಕ್ಕಿಂತ ಹೆಚ್ಚು ಮಾಡಿ ತೋರಿಸುತ್ತದೆ.

ಪ್ರಶ್ನೆ: ಗದಗ-ಬೆಟಗೇರಿಯಿಂದ ಬರೆಯುತ್ತಿದ್ದೇನೆ. ಆಡುವುದು ರಾತ್ರಿ ಮಾತ್ರ, ಅದೂ ಕಥೆಯಿರುವ ಆಟಗಳು, ದೀಪ ಆರಿಸಿಕೊಂಡು. ವಿಎ ಬೇಡವೇ ಬೇಡ ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ನಿಮಗೆ ವಿಎಯೇ ಸರಿ. 3000:1 ಅಥವಾ ಅದಕ್ಕೂ ಹೆಚ್ಚಿನ ಕಾಂಟ್ರಾಸ್ಟ್ ಇರುವುದರಿಂದ ಗುಹೆ, ಕಾಡು, ನಡುರಾತ್ರಿಯ ದೃಶ್ಯಗಳಲ್ಲಿ ಕಪ್ಪು ಕಪ್ಪಾಗಿಯೇ ಕಾಣುತ್ತದೆ. ನಿಧಾನ ಗತಿಯ ಆಟಗಳಲ್ಲಿ ಬಾಲದ ತೊಂದರೆ ಕಡಿಮೆ. ಒಂದು ಎಚ್ಚರಿಕೆ: ಫ್ರೀಸಿಂಕ್ (ಪರದೆಯ ರಿಫ್ರೆಶ್ ರೇಟನ್ನು ಆಟದ ಫ್ರೇಮ್ ರೇಟಿಗೆ ಹೊಂದಿಸುವ ಸೌಲಭ್ಯ) ಹಾಕಿದಾಗ ಲೋಡಿಂಗ್ ಪರದೆ, ಮೆನುಗಳಲ್ಲಿ ವಿಎ ಮಿಣುಕಬಹುದು. ಫ್ರೇಮ್ ರೇಟ್ ಒಮ್ಮೆಲೇ ಏರಿಳಿಯುವುದೇ ಅದಕ್ಕೆ ಕಾರಣ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಸದಾ ಕೊಡಬಲ್ಲ ಮಟ್ಟಕ್ಕೆ, 70 ಅಂದರೆ 70ಕ್ಕೆ, ಫ್ರೇಮ್ ಮಿತಿ ಹಾಕಿ. ಆಗಲೂ ಮಿಣುಕಿದರೆ ಆ ಆಟಕ್ಕೆ ಮಾತ್ರ ಫ್ರೀಸಿಂಕ್ ಆಫ್ ಮಾಡಿ.

ಪ್ರಶ್ನೆ: ಹುಬ್ಬಳ್ಳಿ ಕೇಶ್ವಾಪುರದಲ್ಲಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತೇನೆ. ದಿನಕ್ಕೆ ಎಂಟು ತಾಸು ಟ್ಯಾಲಿ, ಎಕ್ಸೆಲ್. ರಾತ್ರಿ ಒಂದೆರಡು ತಾಸು ಆಟ. ಒಎಲ್‌ಇಡಿ ಕೊಳ್ಳುವ ಆಸೆ. ಪರದೆ ಸುಡುತ್ತದೆ ಅನ್ನುತ್ತಾರಲ್ಲ, ನಿಜವೇ?

ಉತ್ತರ: ನಿಜ. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ಆಟಕ್ಕೆ ಇದಕ್ಕಿಂತ ಒಳ್ಳೆಯ ಪರದೆ ಇಲ್ಲ. ಆದರೆ ಬೆಳಗಿದಷ್ಟೂ ಪಿಕ್ಸೆಲ್ ಸವೆಯುತ್ತದೆ. ಎಕ್ಸೆಲ್ ರಿಬ್ಬನ್, ಟಾಸ್ಕ್‌ಬಾರ್ ದಿನವೂ ಎಂಟು ತಾಸು ಒಂದೇ ಕಡೆ ಇದ್ದರೆ ಅಲ್ಲಿಯ ಪಿಕ್ಸೆಲ್‌ಗಳು ಉಳಿದವಕ್ಕಿಂತ ಬೇಗ ಮಂಕಾಗಿ, ಆ ಗೆರೆಗಳ ಅಚ್ಚು ಕಾಯಂ ಉಳಿಯುತ್ತದೆ. ಜೊತೆಗೆ ಪಿಕ್ಸೆಲ್ ಒಳಗಿನ ಕೆಂಪು, ಹಸಿರು, ನೀಲಿ ಉಪಪಿಕ್ಸೆಲ್‌ಗಳ ಜೋಡಣೆ ಬೇರೆಯಾದ್ದರಿಂದ ಸಣ್ಣ ಅಂಕಿಗಳ ಅಂಚಿನಲ್ಲಿ ಬಣ್ಣದ ಗೆರೆ ಕಾಣಬಹುದು. ಒಎಲ್‌ಇಡಿಯ ಒಂದು ಬಗೆಯಾದ ಕ್ಯೂಡಿ-ಒಎಲ್‌ಇಡಿ ಆದರೆ ಇನ್ನೊಂದಿದೆ: ಬಿಸಿಲು ಬೀಳುವ ಕೋಣೆಯಲ್ಲಿ ಅದರ ಕಪ್ಪು ಕೆನ್ನೇರಳೆ ಬೂದಿಗೆ ತಿರುಗುತ್ತದೆ.

ಒಂದೇ ಮಾನಿಟರ್ ಇಡುವುದಾದರೆ 27 ಇಂಚಿನ 1440ಪಿ (ಫುಲ್ ಎಚ್‌ಡಿಗಿಂತ ಹೆಚ್ಚು ಪಿಕ್ಸೆಲ್‌ಗಳ) ಐಪಿಎಸ್ ತಗೊಳ್ಳಿ. ಕೆಲಸಕ್ಕೆ ಹಳೆಯ ಮಾನಿಟರ್ ಉಳಿಸಿಕೊಂಡು, ಆಟಕ್ಕಷ್ಟೇ ಒಎಲ್‌ಇಡಿ ಇಡುವಿರಾದರೆ ಧಾರಾಳವಾಗಿ ಕೊಳ್ಳಿ. ಟಾಸ್ಕ್‌ಬಾರ್ ಮರೆಮಾಡಿ, ಹಿನ್ನೆಲೆ ಕಪ್ಪು ಹಾಕಿ, 3 ನಿಮಿಷಕ್ಕೆ ಪರದೆ ಆರುವಂತೆ ಇಡಿ. ಆಟ ಮುಗಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವ ರೂಢಿ ನಮ್ಮಲ್ಲಿದೆ, ಅದನ್ನು ಬಿಡಬೇಕು. ಸ್ಟ್ಯಾಂಡ್‌ಬೈಗೆ ಹೋದ ಮೇಲೆ ಪರದೆ ಕೆಲವು ನಿಮಿಷ ತನ್ನ ಸವೆತವನ್ನು ಸರಿದೂಗಿಸಿಕೊಳ್ಳುತ್ತದೆ, ಕರೆಂಟ್ ತೆಗೆದರೆ ಆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಪದೇ ಪದೇ ಕರೆಂಟ್ ಹೋಗುವ ಓಣಿಯಾದರೆ ಮಾನಿಟರನ್ನೂ ಯುಪಿಎಸ್‌ಗೆ ಹಾಕಿ. ಬರ್ನ್-ಇನ್‌ಗೆ (ಪರದೆಯಲ್ಲಿ ಅಚ್ಚು ಉಳಿಯುವುದಕ್ಕೆ) ವಾರಂಟಿ ಇದೆಯೇ, ಎಷ್ಟು ವರ್ಷ ಎಂಬುದನ್ನು ಬರಹದಲ್ಲಿ ನೋಡಿಯೇ ದುಡ್ಡು ಕೊಡಿ.

ಪ್ರಶ್ನೆ: ರಾಣೆಬೆನ್ನೂರಿನಾಗ 165 ಹರ್ಟ್ಸ್ ಮಾನಿಟರ್ ತಂದು ವಾರ ಆತ್ರಿ. ಹಳೇದಕ್ಕೂ ಇದಕ್ಕೂ ಫರಕೇ ಕಾಣವಲ್ದು.

ಉತ್ತರ: ವಿಂಡೋಸ್ ಇನ್ನೂ 60 ಹರ್ಟ್ಸ್‌ನಲ್ಲೇ ಇರಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 165 ಆರಿಸಿ. ಆ ಅಂಕಿ ಪಟ್ಟಿಯಲ್ಲೇ ಇಲ್ಲದಿದ್ದರೆ ಕೇಬಲ್ ನೋಡಿ: ಮದರ್‌ಬೋರ್ಡಿಗೆ ಚುಚ್ಚಿದ್ದರೆ ಕಿತ್ತು ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಸಾಧ್ಯವಾದರೆ ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಬಳಸಿ. ನಂತರ ಮೌಸ್ ಬಾಣವನ್ನು ಗಿರಗಿರ ತಿರುಗಿಸಿ ನೋಡಿ. ಬಾಣದ ನಕಲುಗಳು ಮೊದಲಿಗಿಂತ ಒತ್ತೊತ್ತಾಗಿ ಕಂಡರೆ ಸರಿಹೋಗಿದೆ.